ದ್ವೀಪಗಳ ದೇಶದಲ್ಲಿ ಬಂದರು: ಇಂಡೊನೇಷ್ಯಾದಲ್ಲಿ ಯೋಜನೆ ಮಾಡುವುದು, ಹಣ ಹೊಂದಿಸುವುದು ಹೇಗೆ

ಹೊಸ ಬಂದರಿನ ನಕ್ಷೆ ಹಿಡಿದುಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಸರಕು ಇಳಿಸಿದ ಮೇಲೆ ಈ ದ್ವೀಪದಿಂದ ಹಡಗು ಏನು ತುಂಬಿಕೊಂಡು ವಾಪಸ್ ಹೋಗುತ್ತದೆ? ಜೆಟ್ಟಿ ಎಷ್ಟು ಉದ್ದ, ನೀರು ಎಷ್ಟು ಆಳ, ಕ್ರೇನ್ ಎಷ್ಟು ಟನ್ನಿನದು, ಇವೆಲ್ಲ ಆಮೇಲಿನ ಮಾತು. ಈ ಪ್ರಶ್ನೆಗೆ ಉತ್ತರ ಇಲ್ಲದ ಯೋಜನೆಗೂ ಹಣ ಸಿಗಬಹುದು. ಕಾಂಕ್ರೀಟ್ ಎದ್ದು ನಿಲ್ಲಬಹುದು. ಆದರೆ ಹಡಗು ಸಬ್ಸಿಡಿ ಇರುವಷ್ಟು ದಿನ ಮಾತ್ರ ಬರುತ್ತದೆ.

ನಾನು ಬಂದರು ಯೋಜನೆಯ ಎಂಜಿನಿಯರ್. ನನ್ನ ಕೆಲಸ ಹೆಚ್ಚಾಗಿ ಇಂಡೊನೇಷ್ಯಾದ ಪೂರ್ವ ಭಾಗದಲ್ಲಿ, ಅಂದರೆ ಸುಲವೇಸಿ, ಮಲುಕು, ನುಸಾ ತೆಂಗಾರಾ ಕಡೆಯ ಸಣ್ಣ ಮತ್ತು ಮಧ್ಯಮ ಬಂದರುಗಳಲ್ಲಿ. ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಎಂಜಿನಿಯರುಗಳು ಮತ್ತು ಬ್ಯಾಂಕಿನ ಕಡೆಯಿಂದ ಇಂಥ ಕಡತ ನೋಡುವವರು ಇದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದಾರೆ. ದ್ವೀಪ ದೇಶಗಳ ಕಡಲ ಸಾಗಣೆ ಹೇಗೆ ನಡೆಯುತ್ತದೆ ಅಂತ ಕುತೂಹಲ ಇರುವವರೂ ಓದಬಹುದು.

ಹಿನ್ನೆಲೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಂಡೊನೇಷ್ಯಾದಲ್ಲಿ 17,000ಕ್ಕೂ ಹೆಚ್ಚು ದ್ವೀಪಗಳಿವೆ. ದ್ವೀಪಗಳ ನಡುವಿನ ಸಮುದ್ರವೂ ನಮ್ಮ ದೇಶದ್ದೇ ಅಂತ ಅಲ್ಲಿನ ಸರ್ಕಾರ 1957ರ ಡಿಸೆಂಬರ್ 13ರಂದು ಜುಆಂಡಾ ಘೋಷಣೆಯಲ್ಲಿ ಹೇಳಿತು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಆ ತತ್ವವನ್ನು ಒಪ್ಪಿಕೊಂಡಿತು. ಹಾಗಾಗಿ ಅಲ್ಲಿ ಸಮುದ್ರ ಗಡಿಯಲ್ಲ, ದೇಶದ ಒಳಗಿನ ದಾರಿ. ಒಂದು ಬಂದರನ್ನು ಒಂಟಿಯಾಗಿ ಯೋಜಿಸಲು ಆಗುವುದಿಲ್ಲ ಅನ್ನುವುದಕ್ಕೆ ಕಾರಣವೂ ಇದೇ. ಬಸ್ ರೂಟಿನಲ್ಲಿ ಒಂದು ಸ್ಟಾಪಿನಲ್ಲಿ ತಡವಾದರೆ ಮುಂದಿನ ಸ್ಟಾಪಿನವರೆಲ್ಲ ಕಾಯುತ್ತಾರಲ್ವಾ, ಇಲ್ಲೂ ಹಾಗೆಯೇ. ನೀವು ಕಟ್ಟುವ ಧಕ್ಕೆಯಲ್ಲಿ, ಅಂದರೆ ಹಡಗು ಕಟ್ಟಿ ಸರಕು ಇಳಿಸುವ ಕಟ್ಟೆಯಲ್ಲಿ, ಹಡಗು ಒಂದು ದಿನ ಜಾಸ್ತಿ ನಿಂತರೆ ಮುಂದಿನ ಐದಾರು ದ್ವೀಪಗಳಿಗೆ ಅಕ್ಕಿ ತಡವಾಗಿ ಹೋಗುತ್ತದೆ.

ಮೊದಲು ಸರಕಿನ ಲೆಕ್ಕ

ಕಾರ್ಖಾನೆಗಳು, ಜನ, ದುಡ್ಡು ಎಲ್ಲ ಹೆಚ್ಚಾಗಿ ಜಾವಾದಲ್ಲಿ ಸೇರಿವೆ. ಸುರಬಾಯಾದ ತಾಂಜುಂಗ್ ಪೆರಾಕ್ ಬಂದರಿನಿಂದ ಪೂರ್ವಕ್ಕೆ ಹೊರಡುವ ಹಡಗಿನಲ್ಲಿ ಸಿಮೆಂಟ್, ಅಕ್ಕಿ, ಸಕ್ಕರೆ, ಅಡುಗೆ ಎಣ್ಣೆ, ಕಬ್ಬಿಣ, ಬೈಕು ಎಲ್ಲ ತುಂಬಿರುತ್ತದೆ. ವಾಪಸ್ ಬರುವಾಗ ಕಂಟೇನರುಗಳು ಬಹುಪಾಲು ಖಾಲಿ. ಖಾಲಿ ಬಂದ ದಾರಿಯ ಡೀಸೆಲ್ ಖರ್ಚನ್ನು ಯಾರು ಕೊಡಬೇಕು? ಪೂರ್ವದ ದ್ವೀಪದಲ್ಲಿ ಸಿಮೆಂಟ್ ಕೊಳ್ಳುವವನೇ ಕೊಡುತ್ತಾನೆ. ಅಲ್ಲಿ ಬೆಲೆ ಏರಲು ಇದೊಂದು ದೊಡ್ಡ ಕಾರಣ. ಧಕ್ಕೆ ಉದ್ದ ಮಾಡಿದರೆ ಇದು ಸರಿಹೋಗುವುದಿಲ್ಲ.

ಸರ್ಕಾರ ಇದನ್ನು ಗಮನಿಸಿಯೇ 2015ರಲ್ಲಿ ತೋಲ್ ಲಾವುತ್ (ಕಡಲ ಹೆದ್ದಾರಿ) ಅನ್ನುವ ಕಾರ್ಯಕ್ರಮ ಶುರು ಮಾಡಿತು. ಸರಕು ಇರಲಿ ಇಲ್ಲದಿರಲಿ, ನಿಗದಿತ ಮಾರ್ಗದಲ್ಲಿ ನಿಗದಿತ ದಿನಕ್ಕೆ ಹಡಗು ಹೋಗಲೇಬೇಕು, ನಷ್ಟವನ್ನು ಖಜಾನೆ ತುಂಬಿಕೊಡುತ್ತದೆ. ಆ ಮಾರ್ಗಗಳಿಗೆ ಅಂತಲೇ 100 ಕಂಟೇನರ್ ಹಿಡಿಯುವ ಕೆಂಧಾಗಾ ನುಸಂತರಾ ಹೆಸರಿನ ಸಣ್ಣ ಹಡಗುಗಳನ್ನು ಕಟ್ಟಿಸಿದರು. ನನಗೆ ಈ ಕಾರ್ಯಕ್ರಮದ ಬಗ್ಗೆ ಗೌರವ ಇದೆ. ಯಾರೂ ಹೋಗದ ಕಡೆಗೆ ಹಡಗು ಹೋಯಿತು. ಆದರೆ ನಿಮ್ಮ ಬಂದರಿನ ವರದಿಯಲ್ಲಿ ಮಾತ್ರ ಎರಡು ಲೆಕ್ಕ ಇರಲೇಬೇಕು: ಸಬ್ಸಿಡಿ ಇದ್ದಾಗ ಎಷ್ಟು ಹಡಗು, ಇಲ್ಲದಿದ್ದಾಗ ಎಷ್ಟು. ಎರಡನೆಯದನ್ನು ಬರೆಯದೆ ಬಿಟ್ಟ ವರದಿಗೆ ನಾನು ಸಹಿ ಹಾಕುವುದಿಲ್ಲ.

ಸರಕಿನ ಅಂಕಿ ಎಲ್ಲಿ ಸಿಗುತ್ತದೆ? ಸಣ್ಣ ಬಂದರುಗಳಲ್ಲಿ ಯುಪಿಪಿ ಅನ್ನುವ ಸರ್ಕಾರಿ ಕಚೇರಿ ಇರುತ್ತದೆ. ದೊಡ್ಡ ಕಡೆ ಶಾಬಂದರ್ (ಬಂದರಿನ ಮೇಲ್ವಿಚಾರಣೆಯ ಅಧಿಕಾರಿ) ಮತ್ತು ಬಂದರು ಪ್ರಾಧಿಕಾರದ ಕಚೇರಿ. ಅವರು ಕೊಡುವ ವರ್ಷದ ಒಟ್ಟು ಮೊತ್ತ ತೆಗೆದುಕೊಂಡು ಎದ್ದು ಬರಬೇಡಿ. ಹಡಗು ಬಂದ ದಿನ, ಹೊರಟ ದಿನ, ಇಳಿಸಿದ ಟನ್, ಏರಿಸಿದ ಟನ್ ಇರುವ ದಾಖಲೆ ಪುಸ್ತಕ ಕೇಳಿ. ಅದರಲ್ಲಿ ಕಣ್ಣಿಗೆ ಬೀಳುವ ಸಂಗತಿಗಳೇ ಬೇರೆ. ಯಾವ ತಿಂಗಳಲ್ಲಿ ಹಡಗೇ ಬಂದಿಲ್ಲ, ಯಾವ ಹಡಗು ಧಕ್ಕೆಗೆ ಕಟ್ಟಲು ಜಾಗ ಇಲ್ಲದೆ ಹೊರಗೆ ಲಂಗರು ಹಾಕಿ ಕಾಯಿತು, ಯಾವುದು ಅರ್ಧ ಸರಕು ಇಳಿಸಿ ಹೊರಟುಹೋಯಿತು, ಎಲ್ಲ ಸಿಗುತ್ತದೆ.

ಆಮೇಲೆ ಹಮಾಲರ ಮುಖ್ಯಸ್ಥನ ಹತ್ತಿರ ಕೂತು ಮಾತಾಡಿ. ಕೊಬ್ಬರಿ ಕೊಳ್ಳುವ ವ್ಯಾಪಾರಿ, ಮೀನಿನ ವ್ಯಾಪಾರಿ, ಊರಿನ ಹಾರ್ಡ್‌ವೇರ್ ಅಂಗಡಿಯವನು, ಈ ಮೂವರನ್ನು ಬಿಡಬೇಡಿ. ಹಡಗು ತಪ್ಪಿದ ವಾರ ಸಿಮೆಂಟ್ ಮೂಟೆಯ ಬೆಲೆ ಎಷ್ಟಾಗುತ್ತದೆ ಅಂತ ಅಂಗಡಿಯವನಿಗೆ ಬಾಯಿಪಾಠ ಇರುತ್ತದೆ. ನಿಮ್ಮ ಯೋಜನೆಯಿಂದ ಜನಕ್ಕೆ ಆಗುವ ಲಾಭದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದಿಲ್ಲ.

ಈಗ ವಾಪಸ್ ಸರಕಿನ ವಿಷಯ. ಪೂರ್ವದ ದ್ವೀಪಗಳಲ್ಲಿ ಮೀನು, ಕಡಲಪಾಚಿ, ಕೊಬ್ಬರಿ, ಜಾಯಿಕಾಯಿ, ಲವಂಗ, ಜೋಳ, ಜಾನುವಾರು ಎಲ್ಲ ಇದೆ. ಆದರೆ ಹಡಗು ಬಂದ ದಿನ ಅದು ಧಕ್ಕೆಯ ಪಕ್ಕದಲ್ಲಿ ತಯಾರಾಗಿ ಇರುವುದಿಲ್ಲ. ಮೀನು ಹೋಗಬೇಕಾದರೆ ಶೀತಲ ಕಂಟೇನರ್ ಬೇಕು. ಕಂಟೇನರಿಗೆ ಕರೆಂಟಿನ ಪ್ಲಗ್ ಬೇಕು. ದ್ವೀಪದ ವಿದ್ಯುತ್ ಕೇಂದ್ರ ಅಷ್ಟು ಹೊರೆ ತಡೆಯದಿದ್ದರೆ ಬಂದರಿಗೇ ಒಂದು ಜನರೇಟರ್ ಬೇಕು. ಮೀನು ಕೂಡಿಡಲು ಶೀತಲಗೃಹ, ಅದಕ್ಕೂ ಮೊದಲು ಐಸ್ ಘಟಕ. ಇವಿಷ್ಟೂ ಸೇರಿದರೂ ಧಕ್ಕೆಯ ಒಂದು ತುಂಡು ಉದ್ದ ಮಾಡುವ ಖರ್ಚಿಗಿಂತ ಕಡಿಮೆ ಇರಬಹುದು. ಆದರೆ ಮೀನುಗಾರಿಕೆ ಸಚಿವಾಲಯ ಬೇರೆ, ಸಾರಿಗೆ ಸಚಿವಾಲಯ ಬೇರೆ. ಹಾಗಾಗಿ ಎರಡೂ ಒಂದೇ ಯೋಜನೆಯಲ್ಲಿ ಬರುವುದು ಅಪರೂಪ. ಅದನ್ನು ಹೊಂದಿಸುವುದೇ ಯೋಜಕನ ನಿಜವಾದ ಕೆಲಸ ಅಂತ ನನ್ನ ನಂಬಿಕೆ.

ಜಾನುವಾರಿನ ಉದಾಹರಣೆ ನೋಡಿ. ಪೂರ್ವ ನುಸಾ ತೆಂಗಾರಾದಲ್ಲಿ ಹಸು, ಎತ್ತು ಸಾಕುವುದು ದೊಡ್ಡ ಕಸುಬು. ಮಾಂಸ ತಿನ್ನುವ ಪೇಟೆ ಜಕಾರ್ತ. ಸರಕಿನ ಹಡಗಿನಲ್ಲಿ ಸಾಗಿಸಿದರೆ ದಾರಿಯಲ್ಲೇ ದನಗಳು ಸೊರಗುತ್ತವೆ. 2015ರಲ್ಲಿ ಕಮಾರಾ ನುಸಂತರಾ 1 ಅನ್ನುವ, 500 ದನ ಹಿಡಿಯುವ ಹಡಗು ಕುಪಾಂಗ್‌ನಿಂದ ಓಡಾಟ ಶುರು ಮಾಡಿತು. ಇಂಥ ಹಡಗು ಬರುವ ಬಂದರಿನಲ್ಲಿ ಕಾಯುವ ಕೊಟ್ಟಿಗೆ, ಕುಡಿಯುವ ನೀರು, ಮೇವು ಇಡುವ ಜಾಗ, ಜಾರದ ಇಳಿಜಾರು, ಪಶುವೈದ್ಯರ ತಪಾಸಣೆ ಜಾಗ ಬೇಕು. ಸಾಮಾನ್ಯ ಬಂದರಿನ ನಕ್ಷೆಯಲ್ಲಿ ಇದು ಯಾವುದೂ ಇರುವುದಿಲ್ಲ. ಸರಕು ಮೊದಲು ತಿಳಿದಿದ್ದರೆ ಮಾತ್ರ ಇದು ನಕ್ಷೆಗೆ ಬರುತ್ತದೆ.

ಧಕ್ಕೆ ಸಾಲದು ಅನ್ನುವ ಮೊದಲು

"ಹಡಗು ಕಾಯುತ್ತಿದೆ, ಇನ್ನೊಂದು ಧಕ್ಕೆ ಕಟ್ಟಿ" ಅನ್ನುವುದು ಎಲ್ಲ ಕಡೆ ಕೇಳುವ ಬೇಡಿಕೆ. ಲೆಕ್ಕ ಹಾಕಿಯೇ ಉತ್ತರ ಕೊಡಿ. ಒಂದು ವಾರಕ್ಕೆ 168 ಗಂಟೆ. ವಾರಕ್ಕೆ ಮೂರು ಹಡಗು, ಒಂದೊಂದು 30 ಗಂಟೆ ನಿಲ್ಲುತ್ತದೆ ಅಂತ ಇಟ್ಟುಕೊಳ್ಳಿ. ಒಟ್ಟು 90 ಗಂಟೆ, ಅಂದರೆ ಧಕ್ಕೆ ಶೇ. 54ರಷ್ಟು ಸಮಯ ತುಂಬಿದೆ. ಸಾಮಾನ್ಯ ಸರಕಿನ ಬಂದರಿನ ಧಕ್ಕೆ ಎಷ್ಟರ ತನಕ ತುಂಬಬಹುದು ಅನ್ನುವುದಕ್ಕೆ ವಿಶ್ವಸಂಸ್ಥೆಯ ವ್ಯಾಪಾರ ಸಂಸ್ಥೆ ಅಂಕ್ಟಾಡ್ ಹಿಂದಿನಿಂದ ಕೊಡುತ್ತಾ ಬಂದ ಅಳತೆ ಹೀಗಿದೆ: ಒಂದೇ ಧಕ್ಕೆ ಇದ್ದರೆ ಶೇ. 40, ಎರಡಿದ್ದರೆ 50, ಮೂರಿದ್ದರೆ 55, ನಾಲ್ಕಿದ್ದರೆ 60. ಧಕ್ಕೆ ಕಡಿಮೆ ಇದ್ದಷ್ಟೂ ಹೆಚ್ಚು ಹೊತ್ತು ಖಾಲಿ ಬಿಡಬೇಕು. ಇಲ್ಲದಿದ್ದರೆ ಸಾಲು ಬೆಳೆಯುತ್ತದೆ. ಹಾಗಾಗಿ ಶೇ. 54 ಅನ್ನುವುದು ಒಂದು ಧಕ್ಕೆಗೆ ನಿಜಕ್ಕೂ ಜಾಸ್ತಿ.

ಆದರೆ ಹಡಗು ಯಾಕೆ 30 ಗಂಟೆ ನಿಲ್ಲುತ್ತಿದೆ? ರಾತ್ರಿ ದೀಪ ಇಲ್ಲ, ಕತ್ತಲಾದರೆ ಕೆಲಸ ನಿಲ್ಲುತ್ತದೆ. ಫೋರ್ಕ್‌ಲಿಫ್ಟ್ ಇಲ್ಲ, ಇದ್ದರೂ ಕೆಟ್ಟಿದೆ. ಧಕ್ಕೆಯ ಮೇಲೆ ಲಾರಿ ತಿರುಗಲು ಜಾಗ ಇಲ್ಲ. ಇವನ್ನು ಸರಿಮಾಡಿ 20 ಗಂಟೆಗೆ ಇಳಿಸಿದರೆ ಅದೇ ಮೂರು ಹಡಗಿಗೆ 60 ಗಂಟೆ, ಅಂದರೆ ಶೇ. 36. ಹೊಸ ಧಕ್ಕೆ ಬೇಡವೇ ಬೇಡ. ದೀಪ, ಯಂತ್ರ, ಸ್ವಲ್ಪ ಅಂಗಳ, ಇಷ್ಟಕ್ಕೆ ಹಣ ಕೇಳುವುದು ಯಾರಿಗೂ ದೊಡ್ಡ ಯೋಜನೆ ಅನ್ನಿಸುವುದಿಲ್ಲ, ಫೋಟೋ ತೆಗೆಸಿಕೊಳ್ಳಲೂ ಚೆನ್ನಾಗಿರುವುದಿಲ್ಲ. ಆದರೂ ಹಲವು ದ್ವೀಪಗಳಲ್ಲಿ ಇದೇ ಸರಿಯಾದ ಮೊದಲ ಹೆಜ್ಜೆ.

ಇನ್ನೊಂದು ಮಾತು ಮರದ ಹಡಗುಗಳ ಬಗ್ಗೆ. ಮಕಸ್ಸಾರಿನ ಪಾವೊತೆರೆ, ಜಕಾರ್ತದ ಸುಂದಾ ಕೆಲಾಪಾ ನೋಡಿದವರಿಗೆ ಇವು ಗೊತ್ತು. ಹಲಗೆ ಹಾಕಿ, ತಲೆಯ ಮೇಲೆ ಮೂಟೆ ಹೊತ್ತು ಇಳಿಸುತ್ತಾರೆ. ದೊಡ್ಡ ಹಡಗಿಗೆ ಅಂತ ಧಕ್ಕೆ ಎತ್ತರಿಸಿದರೆ ಇಳಿತದ ಹೊತ್ತಿನಲ್ಲಿ ಇವರು ಹತ್ತಲಾರರು. ಬದಿಯಲ್ಲಿ ತಗ್ಗಾದ ಒಂದು ಧಕ್ಕೆ ಬಿಡಿ. ಅತಿ ಸಣ್ಣ ದ್ವೀಪಗಳಿಗೆ ಕೊನೆಯ ದಾರಿ ಅವರದ್ದೇ.

ಜಾಗ ಆರಿಸುವುದು

ಇಲ್ಲಿ ಎರಡು ಋತುಗಳಿವೆ. ಡಿಸೆಂಬರಿನಿಂದ ಮಾರ್ಚ್ ತನಕ ಪಶ್ಚಿಮದ ಗಾಳಿ, ಜೂನಿನಿಂದ ಸೆಪ್ಟೆಂಬರ್ ತನಕ ಪೂರ್ವದ ಗಾಳಿ. ಬಾಂಡಾ, ಅರಾಫುರಾ ಸಮುದ್ರದಲ್ಲಿ ಪೂರ್ವದ ಗಾಳಿಯ ತಿಂಗಳುಗಳು ಕಷ್ಟದ್ದು. ಒಂದು ಋತುವಿನಲ್ಲಿ ಕೊಳದಂತೆ ಶಾಂತವಾಗಿ ಕಾಣುವ ಕೊಲ್ಲಿ ಇನ್ನೊಂದರಲ್ಲಿ ದೋಣಿ ನಿಲ್ಲದ ಜಾಗ ಆಗಿರುತ್ತದೆ. ಆದ್ದರಿಂದ ಎರಡೂ ಋತುವಿನಲ್ಲಿ ಅಲೆ, ಪ್ರವಾಹ, ಕಡಲ ತಳದ ಆಳ ಅಳೆಯಬೇಕು. ಅದಕ್ಕೆ ಹಣ ಇಲ್ಲ, ಸಮಯ ಇಲ್ಲ ಅನ್ನುತ್ತಾರೆ. ಆಗಲೂ ಒಂದು ಕೆಲಸ ಮಾಡಬಹುದು. ಯಾವ ತಿಂಗಳಲ್ಲಿ ದೋಣಿಗಳನ್ನು ದ್ವೀಪದ ಯಾವ ಮಗ್ಗುಲಿಗೆ ಒಯ್ಯುತ್ತೀರಿ ಅಂತ ಮೀನುಗಾರರನ್ನು ಕೇಳಿ. ಅವರ ಉತ್ತರ ನಿಮ್ಮ ನಕ್ಷೆಗೆ ಹೊಂದದಿದ್ದರೆ ನಕ್ಷೆ ತಿದ್ದಿ.

ಆಳದ ಲೆಕ್ಕ ಸುಲಭ. ಅತಿ ಕಡಿಮೆ ಇಳಿತದ ನೀರನ್ನು ಸೊನ್ನೆ ಅಂತ ಹಿಡಿಯಿರಿ. ತುಂಬಿದ ಹಡಗಿನ ತಳ ಮುಳುಗುವ ಆಳಕ್ಕೆ ಶಾಂತ ನೀರಿನಲ್ಲಿ ಕನಿಷ್ಠ ಹತ್ತನೇ ಒಂದು ಭಾಗ ಸೇರಿಸಿ, ಅಲೆ ಇರುವ ಕಾಲುವೆಯಲ್ಲಿ ಇನ್ನೂ ಜಾಸ್ತಿ. ಕಷ್ಟ ಇರುವುದು ಆ ಆಳವನ್ನು ಉಳಿಸಿಕೊಳ್ಳುವುದರಲ್ಲಿ. ನದಿ ಬಾಯಲ್ಲಿ ಇರುವ ಹಳೆಯ ಬಂದರುಗಳಿಗೆಲ್ಲ ಹೂಳಿನ ಕಾಟ. ಸುಮಾತ್ರಾದ ಬೆಲಾವಾನ್ ಮತ್ತೆ ಮತ್ತೆ ಹೂಳೆತ್ತಿಸಿಕೊಂಡೇ ಬದುಕಿದೆ. ಕಾಪುವಾಸ್ ನದಿಯ ದಂಡೆಯ ಪೊಂತಿಯಾನಾಕ್ ಬಂದರಿಗೂ ಇದೇ ತೊಂದರೆ. ಅದಕ್ಕೇ ಹೊರಗಡೆ ತೆರೆದ ಕಡಲಿನಲ್ಲಿ ಕಿಜಿಂಗ್ ಟರ್ಮಿನಲ್ ಕಟ್ಟಿ 2022ರ ಆಗಸ್ಟಿನಲ್ಲಿ ಉದ್ಘಾಟಿಸಿದರು. ಅಲ್ಲಿ ದಡದಿಂದ ಆಳದ ನೀರಿನ ತನಕ ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಸೇತುವೆಯೇ ಬೇಕಾಯಿತು. ನೀವೂ ಇದೇ ಎರಡನ್ನು ತೂಗಬೇಕು: ಇವತ್ತು ಒಂದೇ ಸಲ ಉದ್ದ ಸೇತುವೆಗೆ ಖರ್ಚು, ಅಥವಾ ಮುಂದೆ ವರ್ಷ ವರ್ಷ ಹೂಳಿಗೆ ಖರ್ಚು. ಕಟ್ಟಲು ಹಣ ಕೊಡುವವರು ಸಿಗುತ್ತಾರೆ. ಹೂಳೆತ್ತಲು ಕೊಡುವವರು ಸಿಗುವುದು ಕಷ್ಟ. ಹಾಗಾಗಿ ಸಣ್ಣ ಬಂದರಿಗೆ ನಾನು ಸಾಧ್ಯವಾದಷ್ಟೂ ಸೇತುವೆಯ ಕಡೆಗೇ ವಾಲುತ್ತೇನೆ.

ಕಡಲ ತಳದಲ್ಲಿ ಈಗಾಗಲೇ ಏನಿದೆ ಅನ್ನುವುದನ್ನು ಮೊದಲ ತಿಂಗಳಲ್ಲೇ ನೋಡಿ. ಪಶ್ಚಿಮ ಜಾವಾದ ಕರಾವಾಂಗ್ ಹತ್ತಿರ ಚಿಲಮಾಯಾ ಅನ್ನುವಲ್ಲಿ ದೊಡ್ಡ ಬಂದರಿಗೆ ವರ್ಷಗಟ್ಟಲೆ ಅಧ್ಯಯನ ನಡೆದಿತ್ತು. ಆದರೆ ಹಡಗು ಬರುವ ದಾರಿಯಲ್ಲೇ ಸರ್ಕಾರಿ ತೈಲ ಕಂಪನಿ ಪೆರ್ತಮಿನಾದ ತೈಲ ವೇದಿಕೆಗಳು, ಪೈಪುಗಳು ಇದ್ದವು. 2015ರ ಏಪ್ರಿಲಿನಲ್ಲಿ ಜಾಗವನ್ನೇ ಬಿಟ್ಟರು. ಪೂರ್ವಕ್ಕೆ ಸರಿದು ಸುಬಾಂಗ್ ಜಿಲ್ಲೆಯ ಪಾತಿಂಬಾನ್ ಆರಿಸಿದರು. ಸುರಬಾಯಾದಲ್ಲೂ ಪಶ್ಚಿಮದ ಕಾಲುವೆಯನ್ನು ಆಳ ಮಾಡುವಾಗ ಕಾಲುವೆಯ ಅಡಿಯಲ್ಲಿದ್ದ ಅನಿಲದ ಪೈಪು ಅಡ್ಡಿಯಾಯಿತು. ಆ ಸಮಸ್ಯೆ ಬಗೆಹರಿದ ಮೇಲೆಯೇ 9.5 ಮೀಟರ್ ಆಳದ ಕಾಲುವೆ 13 ಮೀಟರಿಗೆ ಇಳಿಯಿತು, ಅಗಲ 100ರಿಂದ 150 ಮೀಟರ್ ಆಯಿತು.

ಭೂಕಂಪ, ಸುನಾಮಿ ಇಲ್ಲಿ ದೂರದ ಮಾತಲ್ಲ. 2018ರ ಸೆಪ್ಟೆಂಬರ್ 28ರಂದು ಸುಲವೇಸಿಯ ಪಾಲು ಅನ್ನುವ ಊರಿನ ಕೊಲ್ಲಿಯಲ್ಲಿ ಎರಡೂ ಒಟ್ಟಿಗೆ ಬಂದವು. ಪಂತೊಲೊವಾನ್ ಬಂದರಿನ ಕಂಟೇನರ್ ಕ್ರೇನ್ ಉರುಳಿಬಿತ್ತು. ವಾನಿಯಲ್ಲಿ ಸಬುಕ್ ನುಸಂತರಾ 39 ಅನ್ನುವ ಪ್ರಯಾಣಿಕರ ಹಡಗು ನೆಲದ ಮೇಲೆ ಬಂದು ಕೂತಿತು. ಆ ದಿನಗಳಲ್ಲಿ ಪರಿಹಾರ ಸಾಮಗ್ರಿ ಬರಬೇಕಾದದ್ದೂ ಬಂದರಿನ ಮೂಲಕವೇ. ಅದಕ್ಕೇ ಪ್ರತಿ ದ್ವೀಪದಲ್ಲೂ ಕನಿಷ್ಠ ಒಂದು ಧಕ್ಕೆ ಭೂಕಂಪದ ಮರುದಿನವೂ ಹಡಗು ಕಟ್ಟಲು ಬರುವಷ್ಟು ಗಟ್ಟಿ ಇರಬೇಕು ಅಂತ ನಾನು ಹಠ ಹಿಡಿಯುತ್ತೇನೆ. ಎಲ್ಲವನ್ನೂ ಅಷ್ಟು ಗಟ್ಟಿ ಕಟ್ಟಲು ಹಣ ಸಾಲುವುದಿಲ್ಲ. ಒಂದಕ್ಕಾದರೂ ಸಾಲಬೇಕು. ಜಾವಾದ ಉತ್ತರ ತೀರದಲ್ಲಿ ತೊಂದರೆ ಬೇರೆ: ನೆಲವೇ ಕುಸಿಯುತ್ತಿದೆ. 2022ರ ಮೇ ತಿಂಗಳಲ್ಲಿ ಸೆಮರಾಂಗ್‌ನ ತಾಂಜುಂಗ್ ಎಮಾಸ್ ಬಂದರಿನ ಪ್ರದೇಶಕ್ಕೆ ಒಡ್ಡು ಒಡೆದು ಉಬ್ಬರದ ನೀರು ನುಗ್ಗಿತು. ಅಂಥ ಕಡೆ ಧಕ್ಕೆಯ ಎತ್ತರ ಇವತ್ತಿನ ಉಬ್ಬರಕ್ಕೆ ಸರಿಯಾದರೆ ಸಾಲದು.

ಜನರ ಹಕ್ಕಿನ ವಿಷಯದಲ್ಲಿ ಅವಸರ ಬೇಡ. ಮಲುಕುವಿನ ಹಳ್ಳಿಗಳಿಗೆ ತಮ್ಮ ಎದುರಿನ ಕಡಲಿನ ಮೇಲೆ ಸಂಪ್ರದಾಯದ ಹಕ್ಕು ಇದೆ. ಸಾಸಿ ಅನ್ನುವ ಪದ್ಧತಿಯಲ್ಲಿ ಕೆಲವು ತಿಂಗಳು ಅಲ್ಲಿ ಏನನ್ನೂ ಹಿಡಿಯುವಂತಿಲ್ಲ. ಆ ತಿಂಗಳಲ್ಲಿ ಹೂಳೆತ್ತುವ ಯಂತ್ರ ತಂದು ನಿಲ್ಲಿಸಿದರೆ ಕಾಗದದಲ್ಲಿ ಅನುಮತಿ ಇದ್ದರೂ ನಿಮ್ಮ ಕಡೆ ಯಾರೂ ಇರುವುದಿಲ್ಲ. ಅಮ್ದಾಲ್ ಅನ್ನುವ ಪರಿಸರ ಅಧ್ಯಯನಕ್ಕೆ ಸಭೆ ಕರೆಯುವ ಮೊದಲೇ ಹಳ್ಳಿಯ ಹಿರಿಯರನ್ನು ಭೇಟಿಯಾಗಿ. ಹೂಳನ್ನು ಎಲ್ಲಿ ಸುರಿಯುತ್ತೀರಿ ಅನ್ನುವುದು ಅವರ ಮೊದಲ ಪ್ರಶ್ನೆ ಆಗಿರುತ್ತದೆ. ಹವಳದ ದಿಬ್ಬದ ಹತ್ತಿರ ಅಲ್ಲ ಅಂತ ನಕ್ಷೆ ತೋರಿಸಿ ಹೇಳಲು ಬರಬೇಕು.

ಕಾಗದದ ದಾರಿ

2008ರ ಹಡಗು ಸಾಗಣೆ ಕಾನೂನು, ಅಂದರೆ 17ನೇ ಸಂಖ್ಯೆಯ ಕಾನೂನು, ಇಲ್ಲಿ ಬುನಾದಿ. ಅದಕ್ಕೂ ಮುಂಚೆ ವ್ಯಾಪಾರಿ ಬಂದರುಗಳಲ್ಲಿ ಸರ್ಕಾರಿ ಕಂಪನಿ ಪೆಲಿಂಡೊ ನಿಯಮ ಮಾಡುವುದೂ ತಾನೇ, ನಡೆಸುವುದೂ ತಾನೇ ಎಂಬಂತಿತ್ತು. ಕಾನೂನು ಆ ಎರಡನ್ನೂ ಬೇರೆ ಮಾಡಿತು. ನಾಲ್ಕು ಕಂಪನಿಗಳಾಗಿ ಹಂಚಿಹೋಗಿದ್ದ ಪೆಲಿಂಡೊಗಳು 2021ರ ಅಕ್ಟೋಬರ್ 1ರಂದು ಸೇರಿ ಒಂದಾದವು. ದೇಶದೊಳಗಿನ ಸರಕನ್ನು ದೇಶದ ಬಾವುಟದ ಹಡಗೇ ಸಾಗಿಸಬೇಕು ಅನ್ನುವ 2005ರ ಆದೇಶವನ್ನೂ ಈ ಕಾನೂನು ಗಟ್ಟಿ ಮಾಡಿತು. ಇದರ ಅರ್ಥ ನಿಮಗೆ ನೇರವಾಗಿ ತಟ್ಟುತ್ತದೆ. ದೇಶದೊಳಗಿನ ಸಾಗಣೆಯ ಬಂದರಿನ ಧಕ್ಕೆಯ ಅಳತೆಗೆ ಜಗತ್ತಿನ ದೊಡ್ಡ ಹಡಗುಗಳ ಪಟ್ಟಿ ನೋಡುವುದು ಸುಮ್ನೆ ದಂಡ. ಈ ಮಾರ್ಗದಲ್ಲಿ ಓಡುವ ಇಂಡೊನೇಷ್ಯಾದ ಹಡಗುಗಳ ಪಟ್ಟಿ ನೋಡಿ.

ಬಂದರುಗಳಿಗೆ ದರ್ಜೆ ಇದೆ: ಮುಖ್ಯ ಬಂದರು, ಸರಕು ಒಟ್ಟುಗೂಡಿಸುವ ಬಂದರು, ಅದಕ್ಕೆ ಸರಕು ಉಣಿಸುವ ಪ್ರಾದೇಶಿಕ ಮತ್ತು ಸ್ಥಳೀಯ ಬಂದರು. ಸ್ಥಳೀಯ ಬಂದರು ಜಿಲ್ಲೆಯ ಹೊಣೆ, ಪ್ರಾದೇಶಿಕ ಬಂದರು ಪ್ರಾಂತ್ಯದ ಹೊಣೆ. ಮೇಲಿನವು ಕೇಂದ್ರದ್ದು. ರಾಷ್ಟ್ರೀಯ ಬಂದರು ಮಹಾಯೋಜನೆಯಲ್ಲಿ ನಿಮ್ಮ ಬಂದರಿನ ಹೆಸರು, ದರ್ಜೆ ಏನಿದೆ ಅಂತ ಮೊದಲು ನೋಡಿ. ಹಣ ಯಾವ ಜೇಬಿನಿಂದ ಬರಬೇಕು ಅನ್ನುವುದು ಅಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ. ದರ್ಜೆ ಏರಿಸಿಕೊಂಡರೆ ಹಣ ಜಾಸ್ತಿ ಸಿಗುತ್ತದೆ ಅಂತ ಹಲವರು ಅದರ ಹಿಂದೆ ಬೀಳುತ್ತಾರೆ. ಸರಕು ಇಲ್ಲದೆ ದರ್ಜೆ ಏರಿದರೆ ಖರ್ಚು ಏರುತ್ತದೆ, ಅಷ್ಟೇ. ಪ್ರತಿ ಬಂದರಿಗೂ 20 ವರ್ಷದ ಮಹಾಯೋಜನೆ ಬೇಕು. ಐದು ವರ್ಷಕ್ಕೊಮ್ಮೆ ತಿದ್ದಲು ಅವಕಾಶ ಇದೆ.

ಹಣ

ಹಣದ ವಿಷಯದಲ್ಲಿ ನನ್ನ ನಿಯಮ ಸರಳ. ಬಂದರು ಏನನ್ನು ಗಳಿಸಬಲ್ಲದೋ ಅದಕ್ಕೆ ತಕ್ಕ ಹಣ ತನ್ನಿ. ತೀರಿಸಲಾಗದ ಬಂದರಿಗೆ ಸಾಲ ತರಬೇಡಿ. ತೀರಿಸಬಲ್ಲ ಬಂದರಿಗೆ ಅನುದಾನ ಖರ್ಚು ಮಾಡಬೇಡಿ, ಅದು ಸಣ್ಣ ದ್ವೀಪದ ಪಾಲು.

ಸಣ್ಣ ಬಂದರು ಲಾಭ ಮಾಡುವುದಿಲ್ಲ. ಹಾಗಂತ ವರದಿಯಲ್ಲಿ ನೇರವಾಗಿ ಬರೆಯಿರಿ. ಬಂದರಿನ ಸ್ವಂತ ಆದಾಯದ ಲೆಕ್ಕ ಒಂದು ಕಡೆ ಇರಲಿ, ಜನಕ್ಕಾಗುವ ಲಾಭದ ಲೆಕ್ಕ ಇನ್ನೊಂದು ಕಡೆ. ಔಷಧ ಸಮಯಕ್ಕೆ ಬಂದದ್ದು, ಸಿಮೆಂಟಿನ ಬೆಲೆ ಇಳಿದದ್ದು, ಮೀನು ಕೊಳೆಯದೆ ಮಾರಿದ್ದು, ಎಲ್ಲ ಎರಡನೆಯದರಲ್ಲಿ ಬರುತ್ತದೆ. ಮೊದಲನೆಯದನ್ನು ಚೆಂದ ಮಾಡಲು ಹಡಗಿನ ಸಂಖ್ಯೆ ಉಬ್ಬಿಸುವುದು ಈ ಕ್ಷೇತ್ರದ ದೊಡ್ಡ ಕೆಟ್ಟ ಚಾಳಿ. ಇಂಥ ಬಂದರಿಗೆ ಹಣ ಬರುವುದು ಕೇಂದ್ರದ ಬಜೆಟ್ಟಿನಿಂದ, ಜಿಲ್ಲೆಗೆ ಸಿಗುವ ವಿಶೇಷ ಹಂಚಿಕೆಯಿಂದ, ಇಲ್ಲವೇ ವಿದೇಶಿ ಅನುದಾನದಿಂದ. ಜಪಾನ್ 2018ರಲ್ಲಿ ಸಬಾಂಗ್, ನತುನಾ, ಮೊರೊತಾಯ್, ಸೌಮ್ಲಾಕಿ, ಮೋವಾ, ಬಿಯಾಕ್ ಎಂಬ ಆರು ಹೊರ ದ್ವೀಪಗಳ ಮೀನುಗಾರಿಕೆ ಸೌಲಭ್ಯಕ್ಕೆ ಕೊಟ್ಟದ್ದು ಅನುದಾನವೇ, ಸಾಲವಲ್ಲ. ಮೊದಲೇ ಹೇಳಿದ ಐಸ್, ಶೀತಲಗೃಹದ ಕೆಲಸಕ್ಕೆ ಇಂಥ ದಾರಿ ಹುಡುಕಿ.

ಬಜೆಟ್ ಹಣದ ತೊಂದರೆ ಅದು ವರ್ಷಕ್ಕೆ ಕಟ್ಟುಬಿದ್ದಿರುವುದು. ಜನವರಿಯಿಂದ ಡಿಸೆಂಬರ್, ಅಷ್ಟೇ. ಬಹುವರ್ಷದ ಗುತ್ತಿಗೆಗೆ ಹಣಕಾಸು ಸಚಿವಾಲಯದ ಒಪ್ಪಿಗೆ ಬೇಕು. ಅದಿಲ್ಲದಿದ್ದರೆ ಈ ವರ್ಷ ಕಂಬ, ಮುಂದಿನ ವರ್ಷ ಹಾಸು ಅಂತ ತುಂಡು ತುಂಡು. ಮಧ್ಯದಲ್ಲಿ ಒಂದು ವರ್ಷ ಹಣ ನಿಂತರೆ ಉಪ್ಪು ನೀರಿನಲ್ಲಿ ಬರಿ ಕಂಬಗಳು ತುಕ್ಕು ಹಿಡಿಯುತ್ತಾ ನಿಲ್ಲುತ್ತವೆ. ಇದನ್ನು ತಪ್ಪಿಸಲು ಹಂತಗಳನ್ನು ಬೇರೆ ರೀತಿ ಕತ್ತರಿಸಿ. ಮೊದಲ ಹಂತ ಚಿಕ್ಕದಿರಲಿ, ಆದರೆ ಪೂರ್ತಿ ಇರಲಿ: ಸಣ್ಣ ಧಕ್ಕೆ, ದಾರಿ, ದೀಪ, ಹಡಗು ಕಟ್ಟುವ ಗೂಟ, ರಬ್ಬರ್ ತಡೆ. ಅಷ್ಟಕ್ಕೇ ಒಂದು ಹಡಗು ಬಂದು ಹೋಗುವ ಹಾಗಿರಬೇಕು. ಎರಡನೇ ಹಂತ ಬಾರದಿದ್ದರೂ ಮೊದಲನೆಯದು ವ್ಯರ್ಥ ಆಗಬಾರದು.

ಮಧ್ಯಮ ಗಾತ್ರಕ್ಕೆ ಸುಕುಕ್ ಒಳ್ಳೆಯ ದಾರಿ. ಸರ್ಕಾರ ಯೋಜನೆಗೇ ಅಂತ ಇಸ್ಲಾಮಿಕ್ ಬಾಂಡ್ ಹೊರಡಿಸುವ ಪದ್ಧತಿ 2013ರಿಂದ ಇದೆ. ಬಾಲಿಯ ಸಾನುರ್ ಬಂದರು ಹೀಗೆ ಹಣ ಪಡೆದು 2022ರ ನವೆಂಬರಿನಲ್ಲಿ ತೆರೆಯಿತು. ಎದುರಿನ ನುಸಾ ಪೆನಿಡಾದ ಸಂಪಾಲಾನ್, ನುಸಾ ಚೆನಿಂಗಾನ್‌ನ ಬಿಯಾಸ್ ಮುಂಜುಲ್, ಈ ಮೂರನ್ನೂ ಒಂದೇ ಜಾಲವಾಗಿ ಯೋಚಿಸಿದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಒಂದು ದಡದಲ್ಲಿ ಒಳ್ಳೆಯ ಧಕ್ಕೆ, ಇನ್ನೊಂದು ದಡದಲ್ಲಿ ಮಂಡಿಯುದ್ದ ನೀರಿಗೆ ಇಳಿಯುವ ಪಾಡು ಇದ್ದರೆ ಅದು ಅರ್ಧ ಯೋಜನೆ. ಸುಕುಕ್ ಬೇಕಾದರೆ ಜಮೀನು, ವಿನ್ಯಾಸ, ಪರಿಸರ ಅನುಮತಿ ಎಲ್ಲ ಮೊದಲೇ ಕೈಯಲ್ಲಿರಬೇಕು.

ವಿದೇಶಿ ಸಾಲಕ್ಕೆ ದಾರಿ ಯೋಜನಾ ಸಚಿವಾಲಯವಾದ ಬಾಪೆನಾಸ್ ಮೂಲಕ. ಐದು ವರ್ಷದ ಪಟ್ಟಿಗೆ ನೀಲಿ ಪುಸ್ತಕ ಅನ್ನುತ್ತಾರೆ, ಆ ವರ್ಷಕ್ಕೆ ತಯಾರಾದವುಗಳ ಪಟ್ಟಿ ಹಸಿರು ಪುಸ್ತಕ. ನೀಲಿಯಲ್ಲಿ ಹೆಸರು ಬಂದರೆ ಹಣ ಬಂತು ಅಂತಲ್ಲ. ಪಾತಿಂಬಾನ್ ರಾಷ್ಟ್ರೀಯ ಆದ್ಯತೆಯ ಯೋಜನೆ. ಅದರ ಗತಿ ನೋಡಿ: 2015ರಲ್ಲಿ ಜಾಗ ಬದಲು, 2016ರಲ್ಲಿ ಅಧ್ಯಕ್ಷರ ಆದೇಶ, 2017ರ ನವೆಂಬರಿನಲ್ಲಿ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಜೊತೆ ಸುಮಾರು 118.9 ಬಿಲಿಯನ್ ಯೆನ್ ಸಾಲದ ಒಪ್ಪಂದ, 2020ರ ಡಿಸೆಂಬರಿನಲ್ಲಿ ಮೊದಲ ಭಾಗ ಶುರು. ಸರ್ಕಾರದ ಪೂರ್ತಿ ಒತ್ತಾಸೆ ಇದ್ದೂ ಇಷ್ಟು ಕಾಲ ಹಿಡಿಯಿತು. ಬಂದರು ತೆರೆದಾಗ ಅಲ್ಲಿಗೆ ಹೋಗುವ ಟೋಲ್ ರಸ್ತೆ ಇನ್ನೂ ಆಗಿರಲಿಲ್ಲ. ರಸ್ತೆಯ ಹಣ ಯಾರದು, ಯಾವ ವರ್ಷ ಅನ್ನುವುದನ್ನು ಬಂದರಿನ ಒಪ್ಪಂದದ ಜೊತೆಗೇ ಬರೆಸಿಕೊಳ್ಳಿ.

ವಿದೇಶಿ ಹಣದಲ್ಲಿ ಬಡ್ಡಿಗಿಂತ ದೊಡ್ಡ ಅಪಾಯ ವಿನಿಮಯ ದರ. 1997ರ ನಡುವಿನಲ್ಲಿ ಒಂದು ಡಾಲರಿಗೆ ಸುಮಾರು 2,400 ರುಪಿಯಾ ಇತ್ತು. ಮರುವರ್ಷ 15,000 ದಾಟಿತು. ಹತ್ತು ಲಕ್ಷ ಡಾಲರಿನ ಕಂತು 240 ಕೋಟಿ ರುಪಿಯಾದಿಂದ 1,500 ಕೋಟಿಗೆ ಏರಿದ ಹಾಗೆ. ದೇಶದೊಳಗಿನ ಸಾಗಣೆಯ ಬಂದರಿಗೆ ಬರುವ ಸುಂಕ ಎಲ್ಲ ರುಪಿಯಾದಲ್ಲಿ. ಅದನ್ನು ನಂಬಿ ಡಾಲರ್ ಸಾಲ ತರುವುದು ಸರಿಯಲ್ಲ. 2015ರಲ್ಲಿ, ಆಗಿನ ನಾಲ್ಕು ಪೆಲಿಂಡೊಗಳಲ್ಲಿ ಒಂದಾದ ಪೆಲಿಂಡೊ 2 ಕಂಪನಿ 1.6 ಬಿಲಿಯನ್ ಡಾಲರಿನ ಬಾಂಡ್ ಮಾರಿತು. ಅದರ ಕೈಯಲ್ಲಿ ಜಕಾರ್ತದ ತಾಂಜುಂಗ್ ಪ್ರಿಯೊಕ್ ಬಂದರು ಇತ್ತು, ವಿದೇಶಿ ವ್ಯಾಪಾರದ ಕಂಟೇನರ್ ದರಕ್ಕೆ ಅಲ್ಲಿ ಡಾಲರೇ ಆಧಾರ. ಆ ದಾರಿ ಎಲ್ಲರಿಗೂ ಹೊಂದುವುದಿಲ್ಲ.

ಖಾಸಗಿಯವರನ್ನು ಕರೆಯುವುದಾದರೆ 2015ರ ಅಧ್ಯಕ್ಷರ 38ನೇ ನಿಯಮ ಓದಿ. ಗಳಿಕೆ ಸ್ವಲ್ಪ ಕಡಿಮೆ ಬೀಳುವ ಯೋಜನೆಗೆ ಸರ್ಕಾರ ಕಟ್ಟಡ ವೆಚ್ಚದ ಶೇ. 49ರ ತನಕ ನೆರವು ಕೊಡಬಹುದು. ಸರ್ಕಾರ ಮಾತು ತಪ್ಪಿದರೆ ಹೂಡಿಕೆದಾರನಿಗೆ ಖಾತರಿ ಕೊಡಲು 2009ರಲ್ಲಿ ಹುಟ್ಟಿದ ಒಂದು ಸರ್ಕಾರಿ ನಿಧಿಯೂ ಇದೆ. ಗೊರೊಂಟಾಲೊ ಪ್ರಾಂತ್ಯದ ಅಂಗ್ರೆಕ್ ಬಂದರು ಈ ಪಾಲುದಾರಿಕೆಯ ದಾರಿಯಲ್ಲಿ ಹೋಯಿತು. ಆ ಪ್ರಾಂತ್ಯ ಜೋಳಕ್ಕೆ ಹೆಸರುವಾಸಿ, ಹಡಗು ತುಂಬಿಸಲು ಸರಕು ಇದೆ. ಸರಕೇ ಇಲ್ಲದ ಕಡೆ ಖಾಸಗಿಯವರು ಬರುವುದಿಲ್ಲ. ಬಂದರೆ ಒಪ್ಪಂದವನ್ನು ಇನ್ನಷ್ಟು ಎಚ್ಚರದಿಂದ ಓದಿ. ಇಷ್ಟು ಹಡಗು ಬಾರದಿದ್ದರೆ ಸರ್ಕಾರ ತುಂಬಿಕೊಡಬೇಕು ಅನ್ನುವ ಸಾಲು ಎಲ್ಲಾದರೂ ಇರುತ್ತದೆ.

ಕಟ್ಟಿದ ಮೇಲಿನ ಹಣ

ಸಣ್ಣ ಬಂದರು ವಸೂಲಿ ಮಾಡುವ ಸುಂಕ ನೇರವಾಗಿ ದೇಶದ ಖಜಾನೆಗೆ ಹೋಗುತ್ತದೆ. ಬಂದರಿನಲ್ಲಿ ರಬ್ಬರ್ ತಡೆ ಹರಿದರೆ ಬದಲಿಸಲು ಆ ಹಣ ಮುಟ್ಟುವಂತಿಲ್ಲ, ಬಜೆಟ್ಟಿಗೆ ಕಾಯಬೇಕು. ಗಳಿಕೆ ಸ್ವಲ್ಪ ಚೆನ್ನಾಗಿರುವ ಬಂದರು ಬಿಎಲ್‌ಯು ಅನ್ನುವ ಸ್ಥಾನಮಾನ ಪಡೆದರೆ ತನ್ನ ಆದಾಯವನ್ನು ತಾನೇ ಖರ್ಚು ಮಾಡಬಹುದು. ನಿಮ್ಮ ಯೋಜನೆಯಲ್ಲಿ ಇದು ಸಾಧ್ಯವೇ ಅಂತ ಮೊದಲೇ ನೋಡಿ. ನಾನು ದುರಸ್ತಿಗೆ ವರ್ಷಕ್ಕೆ ಕಟ್ಟಡ ವೆಚ್ಚದ ಶೇ. 1ರಿಂದ 2ರಷ್ಟು ಇಡುತ್ತೇನೆ, ಹೂಳಿನ ಖರ್ಚು ಬೇರೆ.

ಹೂಳಿಗೆ ಬಳಸುವವರಿಂದಲೇ ಹಣ ಪಡೆಯುವ ಮಾದರಿಯೂ ಇದೆ. ದಕ್ಷಿಣ ಕಾಲಿಮಂತಾನ್‌ನ ಬಾರಿತೊ ನದಿ ಬಾಯಲ್ಲಿ ಒಂದು ಕಂಪನಿ ಕಾಲುವೆಯ ಹೂಳೆತ್ತಿ, ಅಲ್ಲಿ ಹಾದುಹೋಗುವ ಸರಕಿಗೆ ಟನ್ ಲೆಕ್ಕದಲ್ಲಿ ಶುಲ್ಕ ತೆಗೆದುಕೊಳ್ಳುತ್ತದೆ. ಕಲ್ಲಿದ್ದಲು ಸಾಗಿಸುವವರಿಗೆ ಉಬ್ಬರಕ್ಕೆ ಕಾಯುವುದಕ್ಕಿಂತ ಶುಲ್ಕ ಕೊಡುವುದೇ ಲಾಭ. ಅಕ್ಕಿ, ಉಪ್ಪು ಬರುವ ಹಡಗಿನ ಮೇಲೆ ಅದೇ ಶುಲ್ಕ ಹಾಕಿದರೆ ಅದು ಅಂಗಡಿಯ ಬೆಲೆಗೆ ಸೇರುತ್ತದೆ. ಹಾಗಾಗಿ ದರಪಟ್ಟಿಯಲ್ಲಿ ದಿನಬಳಕೆಯ ಸಾಮಾನನ್ನು ಬೇರೆ ಸಾಲಿನಲ್ಲಿ ಇಡಿ.

ಬಂದರು ತೆರೆದ ಮೊದಲ ವರ್ಷ ಪಶ್ಚಿಮದ ಗಾಳಿ ಮುಗಿದ ಮೇಲೆ ಒಮ್ಮೆ, ಪೂರ್ವದ ಗಾಳಿ ಮುಗಿದ ಮೇಲೆ ಇನ್ನೊಮ್ಮೆ ಆಳ ಅಳೆಸಿ. ಈ ಎರಡು ಅಳತೆಗೆ ಬೇಕಾದ ಹಣವನ್ನು ನಿರ್ಮಾಣದ ಗುತ್ತಿಗೆಯಲ್ಲೇ ಸೇರಿಸಿಬಿಡಿ, ಆಮೇಲೆ ಕೇಳಿದರೆ ಸಿಗುವುದಿಲ್ಲ. ಹೂಳು ಅಂದಾಜಿಗಿಂತ ಜಾಸ್ತಿ ಕಂಡರೆ ಆ ಅಂಕಿ ಮುಂದಿನ ವರ್ಷದ ಬಜೆಟ್ ಬೇಡಿಕೆ ಹೊರಡುವ ಮೊದಲೇ ಕಚೇರಿಯ ಮೇಜಿನ ಮೇಲೆ ಇರಬೇಕು. ಅದರ ಜೊತೆಗೆ ಹಡಗಿನ ದಾಖಲೆ ಪುಸ್ತಕದಿಂದ ವಾಪಸ್ ಸರಕಿನ ಟನ್ನುಗಳನ್ನೂ ತಿಂಗಳವಾರು ಬರೆದು ಲಗತ್ತಿಸಿ.